ಕುಂಕುಮ ಇಟ್ಟ ಮಾಸ್ಕು

ಆಗ ನನಗೆ ಅರವತ್ತೊಂದು. ಈಗ್ಗೆ ಐದು ವರ್ಷ ಆಯಿತು. ಬೇಗೂರು ದಾಟಿ ಗುಂಡ್ಲುಪೇಟೆ ಕಡೆಗೆ ಹೋಗುವಾಗ ಹೆದ್ದಾರಿ ಮಗ್ಗುಲಲ್ಲಿ, ಮೊದಲು ಚೆಂಡುಹೂವು ಬೆಳೆಯುತ್ತಿದ್ದ ನಾಲ್ಕು ಎಕರೆಗೆ ತಂತಿಬೇಲಿ ಬಿಗಿದು ಮೈಸೂರಿನವರು ಯಾರೋ ಗನ್ನಾಟದ ಬಯಲು ಮಾಡಿದ್ದರು. ಬೋರ್ಡಿನ ಮೇಲೆ ಏರ್‌ಸಾಫ್ಟ್ ಅಂತ ಬರೆಸಿದ್ದರು. ನಮ್ಮೂರ ಬಾಯಲ್ಲಿ ಅದು ಗನ್ನಾಟ. ನಾನು ಅಲ್ಲಿ ಗುಡಿಸಿ ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದೆ. ನನ್ನ ವಾರಗಿತ್ತಿಯೂ ಬರುತ್ತಿದ್ದಳು, ಅಂದರೆ ನನ್ನ ಗಂಡನ ತಮ್ಮನ ಹೆಂಡತಿ. ನನಗಿಂತ ಒಂಬತ್ತು ವರ್ಷ ಚಿಕ್ಕವಳು.

ಆಟ ಏನು ಅಂದರೆ, ಊಟಿಗೋ ಕೇರಳಕ್ಕೋ ಕಾರಲ್ಲಿ ಹೋಗುವವರು ದಾರಿಯಲ್ಲಿ ಇಳಿದು, ಮಿಲಿಟರಿ ಬಣ್ಣದ ಅಂಗಿ ಹಾಕಿ, ಮುಖಕ್ಕೆ ಮಾಸ್ಕು ಕಟ್ಟಿ, ನಿಜದ ಹಾಗೇ ಕಾಣುವ ಗನ್ನು ಹಿಡಿದು ಒಬ್ಬರಿಗೊಬ್ಬರು ಹೊಡೆದುಕೊಳ್ಳುವುದು. ಗನ್ನೊಳಗೆ ಬಿಳೀ ಪ್ಲಾಸ್ಟಿಕ್ ಗುಂಡು, ದಪ್ಪ ಸಬ್ಬಕ್ಕಿಯಷ್ಟು. ಬರಿ ಮೈಗೆ ಬಿದ್ದರೆ ಕಡಜ ಕಚ್ಚಿದ ಹಾಗೆ ಕೆಂಪಗೆ ಬೊಬ್ಬೆ ಏಳುತ್ತದೆ. ಗುಂಡು ಬಿದ್ದವನು ಸತ್ತ ಅಂತ ಲೆಕ್ಕ. ಸತ್ತವರು ಕೈ ಮೇಲೆತ್ತಿ ಹೊರಗೆ ಬಂದು ಟೀ ಕುಡಿಯುತ್ತಾ ಕೂತಿರುತ್ತಿದ್ದರು. ಮೊದಮೊದಲು ನಮಗೆ ನಗು ಬರುತ್ತಿತ್ತು. ಆಮೇಲೆ ಅದೂ ಬೇಜಾರಾಯಿತು.

ಆಟ ಮುಗಿದ ಮೇಲೆ ನಮ್ಮ ಕೆಲಸ. ಬೆವರಿನ ಅಂಗಿ ಒಗೆಯಬೇಕು, ಮಾಸ್ಕುಗಳಲ್ಲಿ ಅಂಟಿರುವ ಎಂಜಲು ತೊಳೆಯಬೇಕು. ಬಯಲಲ್ಲಿ ಬಿದ್ದ ಗುಂಡುಗಳನ್ನ ಮಣ್ಣಿನ ಸಮೇತ ಗುಡಿಸಿ ತರಬೇಕು. ತಂದು ಮೊರಕ್ಕೆ ಹಾಕಿ, ರಾಗಿ ಕೇರುವ ಹಾಗೆ ಕೇರಿ, ಕಲ್ಲು ಕಡ್ಡಿ ಬೇರೆ ಮಾಡಿ, ಒಡೆದ ಗುಂಡು ಆರಿಸಿ ಎಸೆದು, ಒಳ್ಳೆಯದನ್ನ ನೀರಲ್ಲಿ ಜಾಲಿಸಿ ಒಣಗಿಸಬೇಕು. ಒಂದು ಸಲ ಹೊಡೆದ ಗುಂಡನ್ನ ಮತ್ತೆ ಹಾಕಬಾರದು, ಗನ್ನು ಕೆಡುತ್ತದೆ ಅಂತ ಡಬ್ಬದ ಮೇಲೇ ಬರೆದಿದೆ ಅಂತ ಬಂದವರೊಬ್ಬರು ಹೇಳಿದ್ದರು. ನಮ್ಮ ಮ್ಯಾನೇಜರು ಕೇಳಲಿಲ್ಲ. ಆ ಮೊರ ನಾನೇ ಮನೆಯಿಂದ ತಂದದ್ದು. ಈ ಕೇರುವ ಉಪಾಯವೂ ನನ್ನದೇ. ಅದಕ್ಕೆ ಅವನು ಒಂದು ದಿನವೂ ಭೇಷ್ ಅನ್ನಲಿಲ್ಲ.

ಮ್ಯಾನೇಜರು ಅಂದರೆ ಮೂವತ್ತು ತುಂಬದ ಹುಡುಗ. ಬದನಗುಪ್ಪೆ ಕಡೆ ಕಾರ್ಖಾನೆಯಲ್ಲಿ ಜನ ನೋಡಿಕೊಳ್ಳುವ ಕೆಲಸದಲ್ಲಿದ್ದವನು, ಅದು ಬಿಟ್ಟು ಇಲ್ಲಿಗೆ ಬಂದಿದ್ದ. ನಾವು ಸಾರ್ ಅನ್ನುತ್ತಿದ್ದೆವು. ಕೆಲಸ ಇಲ್ಲದಾಗ ಅವನು ಗನ್ನಲ್ಲಿ ನಾಯಿಗೆ ಹೊಡೆಯುತ್ತಿದ್ದ, ಕೋತಿಗೆ ಹೊಡೆಯುತ್ತಿದ್ದ. ನಾನು ಬಗ್ಗಿ ಗುಡಿಸುವಾಗ ನನ್ನ ಹಿಂದುಗಡೆಗೂ ಒಂದು ಸಲ ಹೊಡೆದು, "ಸಾರಿ ಅಜ್ಜಿ, ಕೈ ಜಾರ್ತು" ಅಂದ. ವಾರಗಿತ್ತಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಅದನ್ನ ನಾನು ಮರೆಯಲಿಲ್ಲ.

ನನ್ನ ಗಂಡ ಸತ್ತು ಆಗಲೇ ಹದಿನಾಲ್ಕು ವರ್ಷ. ಅವಳ ಗಂಡ, ನನ್ನ ಮೈದ, ಬದುಕಿದ್ದ. ಆದರೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಬಾಯಿ ಸೊಟ್ಟ. ಗಂಜಿ ಹುಯ್ದರೆ ಅರ್ಧ ಹೊರಗೆ ಬರುತ್ತಿತ್ತು. ಅವನಿಗೆ ಬೆಳಿಗ್ಗೆ ತೊಳೆದು ಬಳಿದು, ಮಗ್ಗುಲು ತಿರುಗಿಸಿ ಮಲಗಿಸಿ, ಇವಳು ಕೆಲಸಕ್ಕೆ ಬರುತ್ತಿದ್ದಳು. ಬರುವಾಗ ಹಣೆಯಲ್ಲಿ ನಾಲ್ಕಾಣೆ ಅಗಲದ ಕುಂಕುಮ. ತಲೆಯಲ್ಲಿ ಹೂವು. ಕೈತುಂಬಾ ಹಸಿರು ಬಳೆ.

"ಏನಮ್ಮಿ, ಮದ್ವೆಗೆ ಒಂಟಿದ್ದೀಯಾ, ಕಸ ಗುಡ್ಸಕ್ಕೆ ಒಂಟಿದ್ದೀಯಾ?" ಅಂತ ನಾನು ಕೇಳುತ್ತಿದ್ದೆ.

"ದೇವ್ರು ಇಟ್ಟವ್ನೆ, ಇಕ್ಕತೀನಿ ಕಣಕ್ಕ. ಇಲ್ದೋರು ನೋಡಿ ಸಂಕಟ ಪಡ್ಲಿ" ಅನ್ನುತ್ತಿದ್ದಳು.

"ಅರ್ಧ ಎಣ ಮನೇಲಿ ಮಲಗ್ಸಿ ಬಂದು ಎಷ್ಟ್ ಜಂಬ ನೋಡು ನಿಂಗೆ."

"ಅರ್ಧ ಆದ್ರೂ ಅದೆಯಲ್ಲಾ. ನಿಂದು ಪೂರ್ತಿ ಓಯ್ತು."

ಹೀಗೆ ಮಾತಾಡಿಕೊಂಡೇ ಇಬ್ಬರೂ ಒಂದೇ ಬಟ್ಟಲಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆವು. ಮೂವತ್ತು ವರ್ಷ ಒಂದೇ ಹಟ್ಟಿಯಲ್ಲಿ ಇದ್ದವರು. ನಾನು ಅವಳ ಬಾಣಂತನ ಮಾಡಿದ್ದೆ. ಅವಳು ನನ್ನ ಗಂಡ ಸತ್ತ ದಿನ ನನ್ನ ಬಳೆ ಒಡೆಸಿದ್ದಳು. ಬೇರೆ ಯಾರನ್ನೂ ಹತ್ತಿರ ಬಿಡದೆ ತಾನೇ ಮುಂದೆ ಬಂದು ಕಲ್ಲಿಗೆ ಕುಟ್ಟಿಸಿದಳು. ಮೆಲ್ಲಗೆ ಕುಟ್ಟಿಸಬಹುದಿತ್ತು. ಮಣಿಕಟ್ಟಲ್ಲಿ ಗಾಯದ ಗುರುತು ಇನ್ನೂ ಇದೆ.

ದಸರಾ ಹತ್ತಿರ ಬಂದಾಗ ಮ್ಯಾನೇಜರು ನಮ್ಮಿಬ್ಬರನ್ನೂ ಕರೆದ. ಓನರ್ ಫೋನ್ ಮಾಡಿದ್ದಾರೆ, ಇಬ್ಬರು ಹೆಂಗಸರು ಬೇಡ, ಒಬ್ಬರು ಸಾಕು ಅಂದಿದ್ದಾರೆ, ಹಬ್ಬ ಆದ ಮೇಲೆ ಒಬ್ಬರಿಗೆ ಪರ್ಮನೆಂಟು, ಇನ್ನೊಬ್ಬರು ಮನೆಗೆ ಅಂದ.

"ಯಾರ್ನ ಇಟ್ಕಂತೀರಿ ಸಾರ್?" ಅಂತ ಅವಳು ಕೇಳಿದಳು.

"ನೋಡನ. ಯಾರು ಚೆನ್ನಾಗ್ ಕೆಲ್ಸ ಮಾಡ್ತಾರೆ ಅವ್ರು."

ಅವಳಿಗೆ ಆ ಕೆಲಸ ನನಗಿಂತ ಜಾಸ್ತಿ ಬೇಕಾಗಿತ್ತು. ನನಗೆ ಮಗ ಇದ್ದ, ಸೊಸೆ ಇದ್ದಳು, ಒಂದು ತಟ್ಟೆ ಊಟ ಸಿಗುತ್ತಿತ್ತು. ಸೊಸೆ ತಟ್ಟೆ ಇಡುವಾಗ ನೆಲಕ್ಕೆ ಕುಕ್ಕುತ್ತಿದ್ದಳು, ಅಷ್ಟೇ. ಅವಳಿಗೆ ಹೆಣ್ಣುಮಕ್ಕಳೇ, ಇಬ್ಬರೂ ಮದುವೆಯಾಗಿ ಹೋಗಿದ್ದರು. ಗಂಡನ ಮಾತ್ರೆಗೂ ಇವಳೇ ದುಡಿಯಬೇಕು. ಮಂಡಿ ನೋವಿನವರನ್ನ ಹೂವು ಕೀಳುವುದಕ್ಕೂ ಕರೆಯಲ್ಲ, ಅರಿಶಿನ ಅಗೆಯುವುದಕ್ಕೂ ಕರೆಯಲ್ಲ. ಇಬ್ಬರಿಗೂ ಮಂಡಿ ನೋವಿತ್ತು. ಗನ್ನಾಟದಲ್ಲಿ ಕೂತು ಮಾಡುವ ಕೆಲಸ, ತಗಡಿನ ನೆರಳು, ಮಧ್ಯಾಹ್ನಕ್ಕೆ ಅಡುಗೆಯವನ ಅನ್ನ ಸಾರು. ನನಗೆ ಆ ಕೆಲಸ ಬೇಕಾಗಿದ್ದದ್ದು ಸೊಸೆ ಕುಕ್ಕುವ ತಟ್ಟೆ ಮುಂದೆ ಮೂರು ಹೊತ್ತೂ ಕೂರಬಾರದು ಅಂತ. ಯಾರಿಗೆ ಜಾಸ್ತಿ ಬೇಕು ಅಂತ ತೂಗಿ ನೋಡಿದರೆ ಅವಳದ್ದೇ ತೂಕ. ಗೊತ್ತಿದ್ದೂ ನಾನು ಬಿಟ್ಟುಕೊಡುವವಳಲ್ಲ.

ಈಗ ಥಿನ್ನರ್ ವಿಷಯ ಹೇಳಬೇಕು. ಹಬ್ಬಕ್ಕೆ ಎರಡು ವಾರ ಇರುವಾಗ ಪೇಂಟಿನವರು ಬಂದು ಬಯಲಲ್ಲಿ ಆಟದವರು ಅಡಗಲು ಇಟ್ಟಿದ್ದ ಡ್ರಮ್ಮುಗಳಿಗೆಲ್ಲಾ ಬಣ್ಣ ಹೊಡೆದು ಹೋದರು. ಒಂದು ಹಳೇ ಕನ್ನಡಕ, ಆಟಕ್ಕೆ ಹಾಕುವ ದೊಡ್ಡದು, ಅದರ ಮೇಲೆ ಪೇಂಟು ಸಿಡಿದಿತ್ತು. ಸೋಪು ಹಾಕಿ ಉಜ್ಜಿದೆ, ಹೋಗಲಿಲ್ಲ. ಪೇಂಟು ತೆಳು ಮಾಡಲು ತಂದು ಪೇಂಟಿನವರು ಬಿಟ್ಟುಹೋದ ಥಿನ್ನರ್ ಡಬ್ಬ ಬಚ್ಚಲ ಮೂಲೆಯಲ್ಲಿತ್ತು. ಬಟ್ಟೆಗೆ ಒಂಚೂರು ಹಾಕಿ ಉಜ್ಜಿದೆ. ಒಂದೇ ಏಟಿಗೆ ಹೋಯಿತು. ಖುಷಿಯಾಗಿ ಬಿಸಿಲಿಗೆ ಇಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಬಂದು ನೋಡಿದರೆ ಆ ಪ್ಲಾಸ್ಟಿಕ್ ಗಾಜಿನೊಳಗೆಲ್ಲಾ ಕೂದಲೆಳೆ ಹಾಗೆ ಬಿರುಕು. ಹೆಬ್ಬೆಟ್ಟಲ್ಲಿ ಒತ್ತಿದೆ. ಹಪ್ಪಳದ ಹಾಗೆ ಚಟಕ್ ಅಂತ ಮುರಿಯಿತು. ಆ ಗಾಜಿನ ಮೇಲೆ ಗುಂಡು ಬಿದ್ದರೂ ಏನೂ ಆಗುತ್ತಿರಲಿಲ್ಲ ಅಂತ ನಾನೇ ಎಷ್ಟೋ ಸಲ ನೋಡಿದ್ದೆ. ಯಾರಿಗೂ ಹೇಳದೆ ಬೇಲಿ ಆಚೆ ಲಂಟಾನ ಪೊದೆಗೆ ಎಸೆದುಬಿಟ್ಟೆ. ಒಂದು ಕಡಿಮೆಯಾದದ್ದು ಮ್ಯಾನೇಜರಿಗೆ ಗೊತ್ತೂ ಆಗಲಿಲ್ಲ.

ಆಯುಧಪೂಜೆ ದಿನ ಬೆಳಿಗ್ಗೆ ಮೈಸೂರಿನಿಂದ ಪೆಟ್ಟಿಗೆ ಬಂತು. ಅದರೊಳಗೆ ಹನ್ನೆರಡು ಹೊಸ ಮಾಸ್ಕು. ಮೇಲೆ ಕಣ್ಣಿಗೆ ಅಗಲದ ಪ್ಲಾಸ್ಟಿಕ್ ಗಾಜು, ಕೆಳಗೆ ಮೂಗು ಬಾಯಿಗೆ ತಂತಿ ಜಾಲರಿ, ಹಿಂದುಗಡೆ ಬಿಗಿಯುವ ಪಟ್ಟಿ. ಹಳೇ ಕನ್ನಡಕ ಹಾಕಿದರೆ ಬೆವರಿಗೆ ಮಂಜು ಕವಿಯುತ್ತದೆ ಅಂತ ಜನ ಬೈಯುತ್ತಿದ್ದರು, ಅದಕ್ಕೆ ಇದನ್ನ ತರಿಸಿದ್ದು. ಮ್ಯಾನೇಜರು ಅದನ್ನ ಹೊಸ ಬೈಕು ನೋಡುವವನ ಹಾಗೆ ತಿರುಗಿಸಿ ತಿರುಗಿಸಿ ನೋಡಿದ.

ಪೂಜೆಗೆ ಮೇಜಿನ ಮೇಲೆ ಗನ್ನುಗಳನ್ನೆಲ್ಲಾ ಸಾಲಾಗಿ ಮಲಗಿಸಿ, ಪಕ್ಕದಲ್ಲಿ ಮ್ಯಾನೇಜರ ಕಾರು ನಿಲ್ಲಿಸಿ, ಮುಂದೆ ಒಂದು ಹೊಸ ಮಾಸ್ಕು ಇಟ್ಟರು. ಹನ್ನೆರಡರ ಪರವಾಗಿ ಅದೊಂದಕ್ಕೆ ಪೂಜೆ. ಹೂವು ಹಾಕಿ, ಬಾಳೆಕಂದು ಕಟ್ಟಿ ಎಲ್ಲಾ ಮಾಡಿದ್ದು ನಾನು. ಕುಂಕುಮದ ಬಟ್ಟಲಿಗೆ ಕೈ ಹಾಕಲು ಹೋದೆ. ಬೊಟ್ಟು ಇಡುವುದಕ್ಕಲ್ಲ, ಬಟ್ಟಲು ಮೇಜಿನ ಮೇಲೆ ಇಡೋಣ ಅಂತ. ವಾರಗಿತ್ತಿ ನನ್ನ ಕೈ ತಳ್ಳಿದಳು.

"ನೀನ್ ಮುಟ್ಬ್ಯಾಡ ಕಣಕ್ಕ. ಒಸಾ ಸಾಮಾನು. ವರ್ಸ್ ಪೂರ್ತಿ ಯಾಪಾರ ಆಗ್ಬೇಕು. ನೀನ್ ಆಚೆ ನಿಂತ್ಕ."

ಅಡುಗೆಯ ಕೇರಳದವನು ಅಲ್ಲೇ ನಿಂತಿದ್ದ. ಮ್ಯಾನೇಜರೂ ಇದ್ದ. ಅವನು ಅಂದ, "ಹೌದು ಅಜ್ಜಿ, ಶಾಸ್ತ್ರ ಶಾಸ್ತ್ರಾನೆ. ಆ ಕಡೆ ಹೋಗು."

ನಾನು ತಗಡಿನ ಶೆಡ್ಡಿನ ಕಂಬಕ್ಕೆ ಒರಗಿ ನಿಂತೆ. ಪ್ಲಾಸ್ಟಿಕ್ ಮೇಲೆ ಒಣ ಕುಂಕುಮ ನಿಲ್ಲಲ್ಲ ಅಂತ ಅವಳು ಹರಳೆಣ್ಣೆಯಲ್ಲಿ ಕಲಸಿದಳು. ಒಂದೊಂದು ಗನ್ನಿಗೂ ಒಂದೊಂದು ಬೊಟ್ಟು. ಕಾರಿಗೆ ಮೂರು. ಮಾಸ್ಕಿನ ಹಣೆಗೆ ಒಂದು ಇಟ್ಟಳು, ಸಾಲದು ಅಂತ ಎರಡು ಕಣ್ಣಿನ ಮಧ್ಯೆ ಗಾಜಿನ ಮೇಲೂ ದಪ್ಪಗೆ ಒಂದು ಇಟ್ಟಳು. ನನ್ನ ಕಡೆ ತಿರುಗಿ ನೋಡಿದಳು. ಅವಳ ಮುಖದಲ್ಲಿ ಆಗ ಇದ್ದ ಸಂತೋಷ ಅವಳ ಮದುವೆ ದಿನವೂ ಇರಲಿಲ್ಲ.

ಮಂಗಳಾರತಿ ಆಯಿತು. ಎಲ್ಲರಿಗೂ ಕೊಟ್ಟ ಮೇಲೆ ನನಗೂ ತಟ್ಟೆ ಬಂತು. ಬೂದುಗುಂಬಳಕಾಯಿ ನೆಲಕ್ಕೆ ಹೊಡೆಯುವ ಬದಲು ಗನ್ನಲ್ಲೇ ಹೊಡೆಯೋಣ ಅಂತ ಮ್ಯಾನೇಜರು ಅದನ್ನ ಡ್ರಮ್ಮಿನ ಮೇಲೆ ಇಟ್ಟು ಹೊಡೆದ. ಸಿಪ್ಪೆ ಮೇಲೆ ಚುಕ್ಕೆ ಚುಕ್ಕೆ ಗಾಯ ಆಯಿತೇ ವಿನಾ ಕಾಯಿ ಒಡೆಯಲಿಲ್ಲ. ಕೊನೆಗೆ ಅಡುಗೆಯವನು ಎತ್ತಿ ಕುಕ್ಕಿ ಒಡೆದ.

ಅಷ್ಟರಲ್ಲಿ ಬಿಸಿಲಿಗೆ ಎಣ್ಣೆ ಕರಗಿ ಮಾಸ್ಕಿನ ಗಾಜಿನ ಮೇಲೆಲ್ಲಾ ಕೆಂಪಗೆ ಇಳಿದಿತ್ತು.

"ಯಾರಮ್ಮ ಗ್ಲಾಸ್ ಮೇಲೆ ಇಟ್ಟಿದ್ದು?" ಅಂತ ಮ್ಯಾನೇಜರು ರೇಗಿದ. "ಈಗ ವಿಡಿಯೊ ತೆಗೀಬೇಕು. ಓನರ್ ಕಾಯ್ತಾವ್ರೆ. ಒರಸ್ರಿ ಬೇಗ."

ವಾರಗಿತ್ತಿ ಮಾಸ್ಕು ತಂದು ನನ್ನ ಮಡಿಲಿಗೆ ಹಾಕಿದಳು. "ತಕ್ಕ. ಇಡೋದು ನಂದು, ಒರ್ಸೋದು ನಿಂದು. ಒರ್ಸಕ್ಕೆ ಶಾಸ್ತ್ರ ಇಲ್ಲ ಬುಡು."

ಬಚ್ಚಲಿಗೆ ತೆಗೆದುಕೊಂಡು ಹೋದೆ. ಸೋಪು ಹಾಕಿ ತಿಕ್ಕಿದೆ. ಎಣ್ಣೆ ಹೋಯಿತು. ಕೆಂಪು ಕಲೆ ಹೋಗಲಿಲ್ಲ. ಇನ್ನೆರಡು ಸಲ ತಿಕ್ಕಿದ್ದರೆ ಹೋಗುತ್ತಿತ್ತು. ಹೊರಗೆ ಅವನು ಕೂಗುತ್ತಿದ್ದ. ಥಿನ್ನರ್ ಡಬ್ಬ ಕೈಗೆ ಸಿಗುವ ಹಾಗೇ ಇತ್ತು. ತೆಗೆದೆ. ಬಟ್ಟೆಗೆ ಹಾಕಿದೆ. ಉಜ್ಜಿದೆ. ಒಳಗಡೆ, ಹೊರಗಡೆ, ಅಂಚಿನ ಸಂದಿ, ಎಲ್ಲಾ ಕಡೆ. ಒಂದು ಬೊಟ್ಟು ಒರೆಸುವುದಕ್ಕೆ ಅಷ್ಟು ಬೇಕಾಗಿರಲಿಲ್ಲ. ಹಳೇ ಕನ್ನಡಕ ಏನಾಗಿತ್ತು ಅನ್ನುವುದು ಮರೆತಿರಲಿಲ್ಲ. ಒರೆಸುವಾಗ ನನ್ನ ತಲೆಯಲ್ಲಿದ್ದದ್ದು ಇಷ್ಟೇ: ಅವಳು ಪೂಜೆ ಮಾಡಿದ ಸಾಮಾನು ಹಾಳಾಗಲಿ, ನಾಳೆ ಬಿರುಕು ಬಿಡಲಿ, ಎಣ್ಣೆ ಕುಂಕುಮದಿಂದ ಕೆಟ್ಟಿತು ಅಂತ ಅವಳ ತಲೆಗೆ ಬರಲಿ, ಕೆಲಸ ನನಗೆ ಸಿಗಲಿ. ಯಾರ ಮುಖಕ್ಕೆ ಹಾಕುತ್ತಾರೆ ಅನ್ನುವುದು ಆಗ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಆಮೇಲೂ ಹೇಳುವುದಕ್ಕೆ ಬೇಕಾದಷ್ಟು ಹೊತ್ತಿತ್ತು.

ಹೊರಗೆ ತಂದು ಕೊಟ್ಟೆ. ಗಾಜು ಫಳಫಳ ಅನ್ನುತ್ತಿತ್ತು. ಅಂಚಿನಲ್ಲಿ ಮಾತ್ರ ಉಸಿರು ಬಿಟ್ಟ ಹಾಗೆ ಒಂಚೂರು ಮಬ್ಬು. ನನಗಷ್ಟೇ ಕಂಡಿತು.

ಮ್ಯಾನೇಜರು ಬಿಡಿಸಿ ಹೇಳಿದ. ಹಳ್ಳಿ ಹೆಂಗಸು, ಸೀರೆ ಉಟ್ಟವಳು, ಈ ಮಾಸ್ಕು ಹಾಕಿ ನಿಲ್ಲಬೇಕು. ಅವನು ಮುಖಕ್ಕೆ ಹೊಡೆಯುತ್ತಾನೆ. ಮಾಸ್ಕಿಗೆ ಏನೂ ಆಗಲ್ಲ, ಅವಳಿಗೂ ಏನೂ ಆಗಲ್ಲ, ತೆಗೆದು ನಗಬೇಕು. ಆ ವಿಡಿಯೊ ಫೋನಲ್ಲಿ ಬಿಟ್ಟರೆ ಜನ ಮುಗಿಬಿದ್ದು ಬರುತ್ತಾರೆ.

"ಯಾರ್ ನಿಲ್ತೀರಿ? ನಿಂತೋರಿಗೇ ಪರ್ಮನೆಂಟು. ಇವತ್ತೇ ಓನರ್‌ಗೆ ಹೇಳ್ಬುಡ್ತೀನಿ."

ನಾನು ಮೊರ ಎತ್ತಿಕೊಂಡೆ. ಅವನು ನನ್ನನ್ನೇ ನೋಡಿದ. "ಅಜ್ಜಿ, ನೀನೇ ನಿಲ್ಲು. ಸುಕ್ಕು ಮುಖ, ವಿಡಿಯೊಗೆ ಚೆನ್ನಾಗಿರ್ತದೆ."

"ನಂಗೆ ಎದೆ ಡವ್ಗುಟ್ತದೆ ಸಾರ್, ಆಗಲ್ಲ" ಅಂದೆ.

"ನಾನ್ ನಿಂತ್ಕತೀನಿ" ಅಂತ ವಾರಗಿತ್ತಿ ಮುಂದೆ ಬಂದಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು.

"ಬೇರೆ ಮಾಸ್ಕ್ ತರ್ತೀನಿ, ಪೆಟ್ಟಿಗೇಲಿ ಇದೆ" ಅಂತ ಅಡುಗೆಯವನು ಹೊರಟ. ಈ ಮಾಸ್ಕಿನ ಪಟ್ಟಿ ಒದ್ದೆಯಾಗಿತ್ತು, ಅದಕ್ಕೆ.

ಅವಳೇ ತಡೆದಳು. "ಬ್ಯಾಡ. ಪೂಜೆ ಆಗಿರೋದ್ನೇ ಮೊದ್ಲು ಆಕ್ಬೇಕು. ಪೂಜೆ ಇಲ್ದೇ ಇರದ್ನ ಆಕುದ್ರೆ ಆಯುಧ ಕಚ್ತದೆ."

ನಮ್ಮ ಕಡೆ ಎಲ್ಲರೂ ಹಾಗೇ. ಹತ್ತು ಕುಡುಗೋಲಿದ್ದರೆ ಬೊಟ್ಟಿಟ್ಟ ಕುಡುಗೋಲನ್ನೇ ಮೊದಲು ಹಿಡಿಯುವುದು. ಅವಳ ಜಾಗದಲ್ಲಿ ನಾನು ಇದ್ದಿದ್ದರೂ ಅದನ್ನೇ ಹೇಳುತ್ತಿದ್ದೆ.

ಮ್ಯಾನೇಜರು ಪಟ್ಟಿ ಬಿಗಿದ. ಹೂವು ಅಡ್ಡ ಬಂತು ಅಂತ ಕಿತ್ತು ಎಸೆದ.

"ಏನ್ ಘಾಟು ಸಾರ್ ಇದು. ಕಣ್ಣ್ ಉರೀತದೆ" ಅಂದಳು ಒಳಗಿನಿಂದ.

"ಹೊಸಾ ಮಾಲು ಹಂಗೇ ಕಣಮ್ಮ. ಸುಮ್ನೆ ನಿಂತ್ಕೊ."

ಮೂವತ್ತು ಹೆಜ್ಜೆ ದೂರ ನಿಲ್ಲಿಸಿದ. ಅಡುಗೆಯವನು ಫೋನು ಹಿಡಿದು, "ಚೇಚಿ, ಇವಿಡೆ ನೋಕ್ಕು" ಅಂತ, ಅಕ್ಕ ಇಲ್ಲಿ ನೋಡು ಅಂತ ಕೈ ಆಡಿಸಿದ. ಅವಳು ಅವನ ಕಡೆಗೆ ಮುಖ ತಿರುಗಿಸಿದಳು. ಟಿಣ್ ಅಂತ ಜಾಲರಿಗೆ ಒಂದು ಬಿತ್ತು. ಅವಳು ಒಂದು ಸಲ ಎಗರಿದಳು, ಆಮೇಲೆ ನಕ್ಕಳು. ಇನ್ನೊಂದು ಹಣೆ ಪಟ್ಟಿಗೆ ಬಿತ್ತು. ಮತ್ತೂ ನಕ್ಕಳು.

"ನೋಡ್ದಾ ಅಕ್ಕ" ಅಂತ ನನ್ನ ಕಡೆ ಕೂಗಿದಳು. ಜಾಲರಿಯೊಳಗಿಂದ ಮಾತು ಮೂಗಲ್ಲಿ ಬಂದ ಹಾಗೆ ಬರುತ್ತಿತ್ತು. "ನಿಂಗ್ ಎದೆ ಡವ್ಗುಟ್ತದೆ. ನೀನ್ ಮನೇಲಿ ಸೊಸೆ ಕಾಲ್ ಒತ್ಕಂಡ್ ಇರು ಬುಡು."

ನನ್ನ ಕೈಯಲ್ಲಿ ಮೊರ ಇತ್ತು. ಹಿಂದಿನ ದಿನದ ಗುಂಡು ಕೇರುತ್ತಾ ನಿಂತಿದ್ದೆ. ಕೇರುವುದು ನಿಲ್ಲಿಸಲಿಲ್ಲ.

"ಗ್ಲಾಸಿಗೇ ಬೀಳ್ತಾ ಇಲ್ಲ" ಅಂದ ಮ್ಯಾನೇಜರು. "ಗ್ಲಾಸಿಗೆ ಬೀಳೋದನ್ನೇ ತೋರಿಸ್ಬೇಕು." ನಡೆದು ನಡೆದು ಹತ್ತು ಹೆಜ್ಜೆಗೆ ಬಂದ.

ಆಗ ಹೇಳಬಹುದಿತ್ತು. ಆ ಗಾಜು ಬೇಡ ಸಾರ್, ನಾನು ಥಿನ್ನರ್ ಹಾಕಿ ಒರೆಸಿದ್ದೀನಿ, ಬೇರೆ ಹಾಕಿ ಅಂದರೆ ಮುಗಿದುಹೋಗುತ್ತಿತ್ತು. ಹೊಸ ಸಾಮಾನು ಹಾಳು ಮಾಡಿದೆ ಅಂತ ನನ್ನನ್ನ ಅವತ್ತೇ ಓಡಿಸುತ್ತಿದ್ದ. ಬಾಯಿಗೆ ಬಂದ ಎಲೆ ಅಡಿಕೆ ರಸ ನುಂಗಿದೆ.

ಗಾಜಿಗೆ ಮೊದಲನೇ ಗುಂಡು ಬಿತ್ತು. ಏನೂ ಆಗಲಿಲ್ಲ. ಸದ್ಯ ಅಂತ ನನಗೆ ಹಗುರ ಆಗಲಿಲ್ಲ. ಹೊಟ್ಟೆ ಉರಿಯಿತು. ನಿಂತು ಗೆದ್ದುಬಿಟ್ಟಳಲ್ಲಾ ಅಂತ.

"ಸಾರ್, ಫೋನ್ ಆಫ್ ಆಯ್ತು. ಒಂದ್ಸಲ ಇನ್ನ" ಅಂತ ಅಡುಗೆಯವನು ಅರ್ಧ ಮಲೆಯಾಳದಲ್ಲಿ ಹೇಳಿದ.

ಮ್ಯಾನೇಜರು ಗನ್ನಿನ ಪಕ್ಕದಲ್ಲಿದ್ದ ಗುಬಟು ತಿರುಗಿಸಿದ. ಅದನ್ನ ತಿರುಗಿಸಿದರೆ ಒಂದೊಂದೇ ಗುಂಡು ಬರುವ ಬದಲು ಜೋಳ ಹುರಿದ ಹಾಗೆ ಒಟ್ಟಿಗೆ ಹೊರಡುತ್ತದೆ. ಅವಳಿಗೆ ಹೇಳಲಿಲ್ಲ. ನನಗೆ ಕಂಡಿತು.

ಚಟಚಟಚಟ ಅಂತು. ಕೊನೆಯ ಸದ್ದು ಬೇರೆ ಥರ ಇತ್ತು. ಹಪ್ಪಳ ಮುರಿದ ಸದ್ದು.

ಅವಳು ಕೂಗಲಿಲ್ಲ. ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತಳು. "ಅಕ್ಕ, ಕಣ್ಗೆ ಮಣ್ ಬಿತ್ತು ಕಣಕ್ಕ. ಊದು ಬಾ" ಅಂದಳು. ಹೊಲದಲ್ಲಿ ರಾಗಿ ತೂರುವಾಗ ಕಣ್ಣಿಗೆ ಹೊಟ್ಟು ಬಿದ್ದರೆ ಹೀಗೇ ಕರೆಯುತ್ತಿದ್ದಳು. ನಾನು ಹೋಗಿ ಪಟ್ಟಿ ಬಿಚ್ಚಿದೆ. ಎಡಗಣ್ಣಿನ ಜಾಗದಲ್ಲಿ ರಕ್ತ, ರಕ್ತದೊಳಗೆ ಗಾಜಿನ ಚೂರು, ಒಂದು ಉದ್ದನೆಯದು. ಕೆನ್ನೆ ಮೇಲೆ ಬಿಳೀ ಗುಂಡೊಂದು ಅಂಟಿಕೊಂಡಿತ್ತು. ಅದನ್ನ ತೆಗೆದು ಎಸೆದೆ. ಊದಲಿಲ್ಲ.

ಮ್ಯಾನೇಜರು ಮೊದಲು ಮಾಡಿದ ಕೆಲಸ ಅಡುಗೆಯವನ ಕೈಯಿಂದ ಫೋನು ಕಿತ್ತುಕೊಂಡು ವಿಡಿಯೊ ಅಳಿಸಿದ್ದು. ಎರಡನೆಯದು, "ಎಂಥ ಕಳಪೆ ಮಾಲು ಕಳಿಸವ್ರೆ ನೋಡು" ಅಂತ ಅಂಗಡಿಯವರಿಗೆ ಬೈದದ್ದು. ಪೂಜೆ ಆದ ಅವನ ಕಾರು ಅಲ್ಲೇ ನಿಂತಿತ್ತು. ಅದರ ಸೀಟು ನೋಡಿದ, ಅವಳ ಮುಖ ನೋಡಿದ. "ತರಕಾರಿ ಆಟೋ ಇದೆಯಲ್ಲಾ, ಅದ್ರಲ್ಲಿ ಕರ್ಕೊಂಡು ಹೋಗಿ" ಅಂದ.

ಅಡುಗೆಯವನು ತರಕಾರಿ ತರುವ ಲಗೇಜ್ ಆಟೋದ ಹಿಂದೆ ಈರುಳ್ಳಿ ಚೀಲದ ಮೇಲೆ ಅವಳನ್ನ ಮಲಗಿಸಿಕೊಂಡು ಗುಂಡ್ಲುಪೇಟೆಗೆ ಹೋದೆವು. ಅಲ್ಲಿ ಕಣ್ಣಿಗೆ ಹತ್ತಿ ಇಟ್ಟು ಕಟ್ಟಿ ಚಾಮರಾಜನಗರಕ್ಕೆ ಬರೆದುಕೊಟ್ಟರು. ಮತ್ತೆ ಅದೇ ಆಟೋ. ದಾರಿಯುದ್ದಕ್ಕೂ ಹಬ್ಬ. ಲಾರಿ ಬಸ್ಸುಗಳಿಗೆಲ್ಲಾ ಬಾಳೆಕಂದು, ರಸ್ತೆ ತುಂಬಾ ಒಡೆದ ಕುಂಬಳಕಾಯಿ. ಆಟೋ ಜಾರಿ ಜಾರಿ ಹೋಗುತ್ತಿತ್ತು. ಜಾರಿದಾಗೆಲ್ಲಾ ಅವಳು ನನ್ನ ಕೈ ಹಿಡಿಯುತ್ತಿದ್ದಳು.

"ಅಕ್ಕ."

"ಊಂ."

"ನಿಂತ್ಕಂಡೆ ಅಲ್ವಾ ನಾನು?"

"ನಿಂತ್ಕಂಡೆ."

"ಕೆಲ್ಸ ನಂಗೇ ಅಲ್ವಾ?"

"ನಿಂಗೇ ಕಣಮ್ಮಿ" ಅಂದೆ.

ಹರವೆ ಕಡೆಯ ಹೆಣ್ಣು ಅವಳು, ತವರಿನ ದಾರಿ ಬಂದಾಗ ಕಣ್ಣು ಕಟ್ಟಿದ್ದರೂ ಗೊತ್ತಾಯಿತೇನೋ, ತಮ್ಮನಿಗೆ ಫೋನ್ ಮಾಡು ಅಂದಳು. ಮಾಡಿದೆ. ಸ್ವಲ್ಪ ಹೊತ್ತು ಬಿಟ್ಟು ನನ್ನ ಕೈಯನ್ನ ಮೂಗಿನ ಹತ್ತಿರ ತೆಗೆದುಕೊಂಡಳು.

"ನಿನ್ ಕೈಯೂ ಅದೇ ಘಾಟು ಒಡೀತದೆ ಅಕ್ಕ."

"ಮಾಸ್ಕ್ ಮುಟ್ಟಿದ್ನಲ್ಲಾ."

ಅವಳು ಕೈ ಬಿಡಲಿಲ್ಲ. ಮತ್ತೆ ಏನೂ ಕೇಳಲಿಲ್ಲ. ಆ ದಿನವೂ ಕೇಳಲಿಲ್ಲ, ಈವರೆಗೂ ಕೇಳಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿ, ಗಾಜಿನ ಚೂರು ಒಳಗೆ ಹೋಗಿದೆ, ಕಣ್ಣು ಉಳಿಯುವುದು ಕಷ್ಟ ಅಂದರು. ಅವಳ ತಮ್ಮ ಬಂದ ಮೇಲೆ ನಾನು ಬಸ್ಸು ಹತ್ತಿದೆ. ಊರಿಗೆ ಬಂದಾಗ ಇನ್ನೂ ಬೆಳಕಿತ್ತು. ಮೈದ ಹಾಸಿಗೆಯಲ್ಲೇ ಉಚ್ಚೆ ಮಾಡಿಕೊಂಡು ಬಾಗಿಲ ಕಡೆ ನೋಡುತ್ತಾ ಬಿದ್ದಿದ್ದ. ಸೊಟ್ಟ ಬಾಯಲ್ಲಿ ಎಲ್ಲಿ ಎಲ್ಲಿ ಅಂತ ಕೇಳಿದ. ಕಣ್ಣಿಗೆ ಧೂಳು ಬಿದ್ದಿದೆ, ನಾಳೆ ಬರುತ್ತಾಳೆ ಅಂದೆ. ಅವನಿಗೆ ತೊಳೆದು ಗಂಜಿ ಹುಯ್ದೆ. ಗಂಜಿ ಕುಡಿದು ನನಗೆ ಎಡಗೈ ಎತ್ತಿ ಕೈ ಮುಗಿಯುವ ಹಾಗೆ ಮಾಡಿದ. ಒಂದೇ ಕೈ. ನಾನು ತಟ್ಟೆ ತೊಳೆಯಲು ಹೋದೆ.

ಅವಳ ಎಡಗಣ್ಣು ಹೋಯಿತು. ಈಗಲೂ ನಮ್ಮ ಎದುರುಮನೆಯಲ್ಲೇ ಇದ್ದಾಳೆ. ಗಂಡ ಮಾರನೇ ವರ್ಷ ಸತ್ತ. ಅವತ್ತು ಬಳೆ ಒಡೆಸುವುದಕ್ಕೆ ನನ್ನನ್ನ ಕರೆದರು, ನಾನು ಹೋಗಲಿಲ್ಲ. ಆಯುಧದ ಕಣ್ಣಿಗೆ ಕುಂಕುಮ ಇಡಬಾರದಾಗಿತ್ತು, ನಾನೇ ತಪ್ಪು ಮಾಡಿದೆ, ಅದಕ್ಕೇ ತಾಯಿ ಕಣ್ಣು ಕಿತ್ತುಕೊಂಡಳು ಅಂತ ಬಂದವರಿಗೆಲ್ಲಾ ಅವಳು ಹೇಳುತ್ತಾಳೆ. ನಾನು ಅಲ್ಲೇ ಜಗಲಿ ಮೇಲೆ ಕೂತು ಕೇಳುತ್ತಿರುತ್ತೇನೆ. "ಅಲ್ವಾ ಅಕ್ಕ?" ಅಂದರೆ "ಊಂ" ಅನ್ನುತ್ತೇನೆ. ಗನ್ನಾಟದ ಬಯಲು ಆಮೇಲೆ ಮೂರು ವರ್ಷ ನಡೆದು ಮುಚ್ಚಿತು. ಮುಚ್ಚುವವರೆಗೂ ಅಲ್ಲಿ ಇದ್ದ ಹೆಂಗಸು ನಾನೊಬ್ಬಳೇ.

ಆ ಆಯುಧಪೂಜೆಯ ಮಾರನೇ ದಿನ ಬೆಳಿಗ್ಗೆ ಮೊದಲನೇ ಬಸ್ಸಿಗೆ ಗನ್ನಾಟಕ್ಕೆ ಹೋದೆ. ಮ್ಯಾನೇಜರು ಇನ್ನೂ ಬಂದಿರಲಿಲ್ಲ. ವಿಜಯದಶಮಿ, ಹನ್ನೊಂದು ಗಂಟೆಗೆ ಕೇರಳದ ಎರಡು ವ್ಯಾನು ಜನ ಬರುತ್ತಾರೆ ಅಂತ ಮೊದಲೇ ಹೇಳಿದ್ದ. ಬೇಲಿ ಆಚೆ ಹೋಗಿ ಲಂಟಾನ ಪೊದೆಗೆ ಕೈ ಹಾಕಿ, ಮುಳ್ಳು ತರಚಿಸಿಕೊಂಡು, ಆ ಹಳೇ ಕನ್ನಡಕ ಹುಡುಕಿ ತೆಗೆದೆ. ಥಿನ್ನರ್ ಡಬ್ಬವನ್ನೂ ಅದನ್ನೂ ಬಚ್ಚಲ ನೀರು ಹೋಗುವ ಬಾಳೆಗಿಡದ ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿ ತುಳಿದೆ. ಅವಳು ಕೂತಿದ್ದ ಜಾಗದ ರಕ್ತಕ್ಕೆ ನೀರು ಹಾಕಿ ಗುಡಿಸಿದೆ. ಕಿತ್ತು ಎಸೆದಿದ್ದ ಹೂವೂ ಗುಡಿಸಿದ ಕಸದ ಜೊತೆ ಹೋಯಿತು. ಆಮೇಲೆ ನೆರಳಲ್ಲಿ ಕೂತು, ಪೆಟ್ಟಿಗೆ ಬಿಚ್ಚಿ, ಉಳಿದ ಹನ್ನೊಂದು ಮಾಸ್ಕನ್ನೂ ಒಂದೊಂದಾಗಿ ಬರೀ ಸೋಪಿನ ನೀರಲ್ಲಿ ತೊಳೆದು, ಬಿಸಿಲು ತಾಗದ ಹಾಗೆ ಹಗ್ಗಕ್ಕೆ ನೇತುಹಾಕಿದೆ.